ಮಡಿಸಿದ ಮಂಡಿಯಿಂದ ಶುರುಮಾಡಿ

ನೀ ಕ್ಯಾಪ್ ವಿನ್ಯಾಸಕ್ಕೆ ಕೈಹಾಕಿರುವ ವಸ್ತ್ರ ತಂತ್ರಜ್ಞಾನದ ವಿದ್ಯಾರ್ಥಿಗಳಿಗೂ ಎಂಜಿನಿಯರುಗಳಿಗೂ ಬಹಿರಂಗ ಪತ್ರ

ಪ್ರಿಯ ಗೆಳೆಯ ಗೆಳತಿಯರೇ,

ಬೆಂಗಳೂರಿನ ಎಸ್‌.ಕೆ.ಎಸ್‌.ಜೆ.ಟಿ.ಐ.ನಲ್ಲಿ, ದಾವಣಗೆರೆಯ ಬಿ.ಐ.ಇ.ಟಿ.ಯಲ್ಲಿ, ನಿಫ್ಟ್‌ನಲ್ಲಿ ನೂಲು, ಹೆಣಿಗೆ, ಉಡುಪಿನ ವಿದ್ಯೆ ಕಲಿಯುತ್ತಿರುವ ನಿಮಗೂ, ಕಲಿಕೆ ಮುಗಿಸಿ ತಿರುಪ್ಪೂರಿನ ಹೆಣಿಗೆ ಕಾರ್ಖಾನೆಗಳಲ್ಲಿ ಕೆಲಸಕ್ಕೆ ನಿಂತಿರುವ ನಿಮಗೂ ಈ ಪತ್ರ ಬರೆಯುತ್ತಿದ್ದೇನೆ. ನಾನು ಹಾವೇರಿ ಜಿಲ್ಲೆಯಲ್ಲಿ ಫಿಸಿಯೋಥೆರಪಿಸ್ಟ್. ನನ್ನ ಮುಂದೆ ಬಂದು ಕೂರುವವರಲ್ಲಿ ಬಹುಪಾಲು ಮಂಡಿನೋವಿನವರು, ಅವರಲ್ಲೂ ಬಹುಪಾಲು ಹೆಂಗಸರು. ಅವರ ಕೈಚೀಲದಲ್ಲಿ ಔಷಧಿ ಅಂಗಡಿಯಿಂದ ತಂದ ಒಂದು ಜೊತೆ ನೀ ಕ್ಯಾಪ್ ಇದ್ದೇ ಇರುತ್ತದೆ. ಕಾಲಿಗೆ ಹಾಕಿಕೊಂಡವರು ಕಡಿಮೆ.

ನೀ ಕ್ಯಾಪ್‌ಗೆ ಅಳತೆ ತೆಗೆಯುವಾಗ ವಾಡಿಕೆಯಲ್ಲಿ ಮನುಷ್ಯನನ್ನು ನೆಟ್ಟಗೆ ನಿಲ್ಲಿಸುತ್ತಾರೆ. ಮಂಡಿಚಿಪ್ಪಿನ ನಡುವೆ ಒಂದು ಸುತ್ತಳತೆ, ಅದರ ಮೇಲೆ ತೊಡೆಯದೊಂದು, ಕೆಳಗೆ ಮೀನಖಂಡದ್ದೊಂದು. ಅದರಿಂದ ಸ್ಮಾಲ್, ಮೀಡಿಯಂ, ಲಾರ್ಜ್ ಹುಟ್ಟುತ್ತವೆ. ಆದರೆ ನನ್ನ ಬಳಿ ಬರುವವರ ಮಂಡಿ ನಿಂತಾಗ ಅಷ್ಟು ನೋಯುವುದಿಲ್ಲ. ‘ಕುಂತ್ರ ಏಳಾಕ ಆಗೂದಿಲ್ರೀ, ಎದ್ರ ಕುಂದ್ರಾಕ ಆಗೂದಿಲ್ರೀ’ ಎಂಬುದು ಇಲ್ಲಿ ದಿನವೂ ಕೇಳುವ ಮಾತು. ಹಾಗಾಗಿ ನಿಮ್ಮಲ್ಲಿ ನಾನು ಕೇಳಿಕೊಳ್ಳುವುದು ಒಂದೇ. ಮಡಿಸಿದ ಮಂಡಿಯನ್ನು ಮೊದಲು ಅಳೆಯಿರಿ, ಅದಕ್ಕೆ ಹೊಂದುವಂತೆ ಹೆಣೆಯಿರಿ, ನೇರ ಕಾಲಿಗೂ ಕೂರುತ್ತದೆಯೇ ಎಂಬುದನ್ನು ಆಮೇಲೆ ನೋಡಿ.

ಇಲ್ಲಿನ ಮಂಡಿಗಳು ಎಷ್ಟು ಮಡಿಯುತ್ತವೆ ಎಂಬುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಿ. ಸಮನೆಲದಲ್ಲಿ ನಡೆಯುವಾಗ ಮಂಡಿ ಮಡಿಯುವುದು ಸುಮಾರು 60 ಡಿಗ್ರಿ. ಕುರ್ಚಿಯ ಮೇಲೆ ಕೂತರೆ 90ರ ಆಸುಪಾಸು. ಕುಕ್ಕರುಗಾಲಲ್ಲಿ ಕೂತರೆ 130 ದಾಟುತ್ತದೆ, ಹಲವರಲ್ಲಿ 150ರವರೆಗೂ ಹೋಗುತ್ತದೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ರಾಶಿಯ ಮುಂದೆ ನೆಲಕ್ಕೆ ಕೂತು ತೊಟ್ಟು ಮುರಿಯುವವರು, ಶಿರಸಿ ಕಡೆ ಅಡಿಕೆ ಸುಲಿಯುವವರು, ಕಳೆ ತೆಗೆಯುತ್ತ ಸಾಲಿನಿಂದ ಸಾಲಿಗೆ ಕುಕ್ಕರುಗಾಲಲ್ಲೇ ಸರಿಯುವವರು, ಒಲೆಯ ಮುಂದೆ ರೊಟ್ಟಿ ಬಡಿಯುವವರು, ದಿನಕ್ಕೆ ಐದು ಹೊತ್ತು ನಮಾಜಿಗೆ ಮಂಡಿಯೂರುವವರು, ಇವರೆಲ್ಲರ ದಿನ ಸಾಗುವುದು ಕುರ್ಚಿಯ ಎತ್ತರಕ್ಕಿಂತ ಕೆಳಗೆ. ಶೌಚಾಲಯವೂ ಬಹಳ ಮನೆಗಳಲ್ಲಿ ನೆಲಮಟ್ಟದ್ದೇ. ಬೆಂಗಳೂರೂ ಸೇರಿದಂತೆ ದೇಶದ ಐದು ಕಡೆ ನಡೆಸಿ 2016ರಲ್ಲಿ ಪ್ರಕಟಿಸಿದ ಒಂದು ಸಮೀಕ್ಷೆಯಲ್ಲಿ ಮಂಡಿ ಸವೆತ ಶೇಕಡ 28.7 ಜನರಲ್ಲಿ ಕಂಡಿತು, ಹೆಂಗಸರಲ್ಲಿ ಅದಕ್ಕಿಂತ ಹೆಚ್ಚು. ಇಷ್ಟು ದೊಡ್ಡ ಸಂಖ್ಯೆಯ ಜನರಿಗಾಗಿ ಮಾಡುವ ವಸ್ತು ಅವರು ಕೂರುವ ಭಂಗಿಯನ್ನೇ ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಅದನ್ನು ಆಧಾರ ಎನ್ನುವುದು ಹೇಗೆ?

ಮಂಡಿ ಮಡಿದಾಗ ಚರ್ಮಕ್ಕೆ ಏನಾಗುತ್ತದೆ ಎಂಬುದನ್ನು ನಿಮ್ಮ ಶಾಸ್ತ್ರದವರೇ ಬಹಳ ಹಿಂದೆ ಅಳೆದಿದ್ದಾರೆ. 1966ರಲ್ಲಿ ಕರ್ಕ್ ಮತ್ತು ಇಬ್ರಾಹಿಂ ಎಂಬಿಬ್ಬರು ಜವಳಿ ಸಂಶೋಧಕರು ಬಟ್ಟೆಯ ಹಿಗ್ಗುವಿಕೆಗೂ ದೇಹದ ಚಲನೆಗೂ ಇರುವ ನಂಟನ್ನು ಲೆಕ್ಕ ಹಾಕಿದರು. ಮಂಡಿಯ ಮೇಲಿನ ಚರ್ಮ ಉದ್ದಕ್ಕೆ ಶೇಕಡ 35ರಿಂದ 45ರಷ್ಟು ಹಿಗ್ಗುತ್ತದೆ, ಸುತ್ತಳತೆಯಲ್ಲಿ ಹಿಗ್ಗುವುದು ಶೇಕಡ 12ರಿಂದ 14. ಅಂದರೆ ಉದ್ದದ ಹಿಗ್ಗು ಅಡ್ಡ ಹಿಗ್ಗಿನ ಮೂರು ಪಟ್ಟು. ಈಗ ಅಂಗಡಿಯ ಅಗ್ಗದ ನೀ ಕ್ಯಾಪ್ ಒಂದನ್ನು ಕೈಗೆತ್ತಿಕೊಂಡು ಎಳೆದು ನೋಡಿ. ಅಡ್ಡಕ್ಕೆ ಧಾರಾಳವಾಗಿ ಹಿಗ್ಗುತ್ತದೆ, ಉದ್ದಕ್ಕೆ ಜಿಪುಣ. ಮೈ ಬಯಸುವುದಕ್ಕೆ ಪೂರ್ತಿ ತಿರುವುಮುರುವು. ಕೂತಾಗ ಮುಂಭಾಗದ ಬಟ್ಟೆ ಸಾಲದೆ ಎರಡು ಅಂಚುಗಳೂ ಮಂಡಿಯ ಕಡೆಗೆ ಜಗ್ಗುತ್ತವೆ. ಹಿಂಭಾಗದಲ್ಲಿ ಬಟ್ಟೆ ಹೆಚ್ಚಾಗಿ ಗುಳಿಯೊಳಗೆ ಮುದ್ದೆಯಾಗುತ್ತದೆ. ಎದ್ದಾಗ ಮೇಲಂಚು ತನ್ನ ಜಾಗಕ್ಕೆ ಮರಳುವುದಿಲ್ಲ, ಸುರುಳಿ ಸುತ್ತಿಕೊಂಡು ಕೆಳಗೇ ಉಳಿಯುತ್ತದೆ. ಹತ್ತು ಸಲ ಕೂತೆದ್ದರೆ ನೀ ಕ್ಯಾಪ್ ಮೀನಖಂಡಕ್ಕೆ ಇಳಿದಿರುತ್ತದೆ. ಹೆಂಗಸರು ಅದನ್ನು ಕೈಚೀಲಕ್ಕೆ ಹಾಕುವುದು ಆಗಲೇ.

ಇದಕ್ಕೆ ದಾರಿ ಇದೆ, ಆ ದಾರಿ ನಿಮ್ಮ ಯಂತ್ರಗಳಲ್ಲೇ ಇದೆ. ಕಾಲುಚೀಲದ ಹಿಮ್ಮಡಿಯನ್ನು ಹೇಗೆ ಹೆಣೆಯುತ್ತಾರೋ, ಕೆಲವೇ ಸೂಜಿಗಳ ಮೇಲೆ ಹೆಚ್ಚುವರಿ ಸಾಲುಗಳನ್ನು ಹಾಕಿ ಕೊಳವೆಯನ್ನು ಬಾಗಿಸುತ್ತಾರೋ, ಹಾಗೆಯೇ ಮಂಡಿಯ ಮುಂಭಾಗಕ್ಕೆ ಸಾಲುಗಳನ್ನು ಕೂಡಿಸಬಹುದು, ಹಿಂಭಾಗದಲ್ಲಿ ತಗ್ಗಿಸಬಹುದು. ಜರ್ಮನಿಯ ಸ್ಟಾಲ್, ಜಪಾನಿನ ಶಿಮಾ ಸೇಕಿ ಕಂಪನಿಗಳ ಕಂಪ್ಯೂಟರ್ ಚಾಲಿತ ಫ್ಲಾಟ್ ಹೆಣಿಗೆ ಯಂತ್ರಗಳು ಇದನ್ನು ಹೊಲಿಗೆಯಿಲ್ಲದೆ ಮಾಡಬಲ್ಲವು. ದುಂಡು ಹೆಣಿಗೆಯ ಯಂತ್ರದಲ್ಲಿ ನೇರ ಕೊಳವೆ ಹೊರಡಿಸುವುದು ಅಗ್ಗ, ವೇಗ, ನಿಜ. ಆದರೆ ಹಿಂದಿನ ಗುಳಿಯ ಭಾಗಕ್ಕಾದರೂ ತೆಳು ಜಾಲರಿ ಹೆಣಿಗೆ, ಮುಂಭಾಗಕ್ಕೆ ಉದ್ದುದ್ದ ಹಿಗ್ಗುವ ಹೆಣಿಗೆ ಕೊಡುವುದು ದುಂಡು ಯಂತ್ರದಲ್ಲೂ ಸಾಧ್ಯ.

ಇಲ್ಲೊಂದು ಬೇರೆ ಲೋಕದ ಸಂಗತಿ ಹೇಳಬೇಕು, ಏಕೆಂದರೆ ನನಗೆ ಅದು ಬಹಳ ಹಿಡಿಸಿದೆ. ಆರ್ಥರ್ ಐಬೆರಾಲ್ ಎಂಬ ಅಮೆರಿಕದ ವಿಜ್ಞಾನಿ ಅಲ್ಲಿನ ವಾಯುಸೇನೆಯ ಒತ್ತಡದ ಉಡುಪುಗಳಿಗಾಗಿ ಕೆಲಸ ಮಾಡುತ್ತ, ಮೈ ಚಲಿಸುವಾಗಲೂ ಚರ್ಮ ಹಿಗ್ಗದೆ ಉಳಿಯುವ ರೇಖೆಗಳನ್ನು ಹುಡುಕಿದ. ಚರ್ಮದ ಮೇಲೆ ಸಣ್ಣ ವೃತ್ತಗಳನ್ನು ಮುದ್ರಿಸಿ, ಕೈಕಾಲು ಆಡಿಸಿದಾಗ ಅವು ಅಂಡಾಕಾರಕ್ಕೆ ತಿರುಗುವುದನ್ನು ನೋಡಿ, ಯಾವ ದಿಕ್ಕಿನಲ್ಲಿ ಉದ್ದ ಬದಲಾಗಲಿಲ್ಲವೋ ಆ ದಿಕ್ಕುಗಳನ್ನು ಒಂದಕ್ಕೊಂದು ಜೋಡಿಸುತ್ತ ಹೋದರೆ ಮೈತುಂಬ ಒಂದು ಬಲೆ ಮೂಡುತ್ತದೆ. ಆ ಗೆರೆಗಳ ಮೇಲೆ ಹಿಗ್ಗದ ದಾರ ಕೂರಿಸಿದರೂ ಚಲನೆಗೆ ಅಡ್ಡಿಯಾಗದು. 1964ರ ಅವನ ವರದಿಯ ಈ ವಿಚಾರವನ್ನೇ ಎಂಐಟಿಯ ದಾವಾ ನ್ಯೂಮನ್ ಮುಂದೆ ಬಯೋಸೂಟ್ ಎಂಬ ಮೈಗಂಟುವ ಬಾಹ್ಯಾಕಾಶ ಉಡುಪಿನಲ್ಲಿ ಬಳಸಿದರು. ನೀ ಕ್ಯಾಪ್‌ನಲ್ಲಿ ಬಿಗಿ ಪಟ್ಟಿ ಕೂರಿಸಬೇಕಾದಾಗಲೆಲ್ಲ ಈ ಪಾಠ ನೆರವಿಗೆ ಬರುತ್ತದೆ. ಬೇಕಾಗುವ ಸಾಮಗ್ರಿಯೂ ಹೆಚ್ಚೇನಿಲ್ಲ: ತೊಳೆದರೆ ಹೋಗುವ ಶಾಯಿ, ಒಂದು ರಬ್ಬರ್ ಮುದ್ರೆ, ಕುಕ್ಕರುಗಾಲಲ್ಲಿ ಕೂರಬಲ್ಲ ಒಬ್ಬ ಅಜ್ಜಿಯ ಒಪ್ಪಿಗೆ, ಫೋಟೋ ತೆಗೆಯಲು ಫೋನು. ನಿಮ್ಮ ಕೊನೆಯ ವರ್ಷದ ಪ್ರಾಜೆಕ್ಟಿಗೆ ಇದಕ್ಕಿಂತ ಒಳ್ಳೆಯ ಆರಂಭ ನನಗೆ ತೋಚುವುದಿಲ್ಲ.

ಇನ್ನು ಒತ್ತಡ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಏಕೆಂದರೆ ಕೆಡುಕಾಗುವುದು ಇಲ್ಲೇ.

ಉಬ್ಬಿದ ರಕ್ತನಾಳಗಳಿಗೆ ಹಾಕುವ ಕಾಲುಚೀಲಗಳಿಗೆ ಒತ್ತಡದ ಅಂಕಿ ಇದೆ. ಜರ್ಮನಿಯ ಮಾನದಂಡದಲ್ಲಿ ಮೊದಲ ದರ್ಜೆ ಎಂದರೆ ಹರಡಿನ ಬಳಿ 18ರಿಂದ 21 ಮಿಲಿಮೀಟರ್ ಪಾದರಸ, ಎರಡನೆಯದು 23ರಿಂದ 32. ಬ್ರಿಟನ್ನಿನ 1985ರ ಮಾನದಂಡದಲ್ಲಿ ಮೊದಲ ದರ್ಜೆ 14ರಿಂದ 17. ಇಂಥ ಕಾಲುಚೀಲಕ್ಕೆ ಈಗಿನ ರೂಪ ಕೊಟ್ಟವನು ಕಾನ್ರಾಡ್ ಜೋಬ್ಸ್ಟ್, ಅಮೆರಿಕದ ಟೊಲಿಡೊ ಊರಲ್ಲಿ ನೆಲೆಸಿದ ಎಂಜಿನಿಯರ್, ತಾನೇ ಕಾಲಿನ ರೋಗಿ. ಈಜುಕೊಳದಲ್ಲಿ ನಿಂತಾಗ ನೋವು ಇಳಿಯುವುದನ್ನು ಕಂಡು, ನೀರು ಆಳಕ್ಕೆ ಹೋದಷ್ಟೂ ಹೆಚ್ಚು ಒತ್ತುವಂತೆ ಒತ್ತುವ ಚೀಲವನ್ನು 1950ರ ಹೊತ್ತಿಗೆ ರೂಪಿಸಿದ. ನೀ ಕ್ಯಾಪ್ ಡಬ್ಬಿಗಳ ಮೇಲೆ ನಾನು ಸಾಮಾನ್ಯವಾಗಿ ನೋಡುವುದು ಒಂದು ಅಕ್ಷರ ಮಾತ್ರ, ಎಲ್ ಅಥವಾ ಎಕ್ಸ್‌ಎಲ್. ಒಳಗಿನ ಬಟ್ಟೆ ಎಷ್ಟು ಒತ್ತುತ್ತದೆ ಎಂಬುದನ್ನು ಕೊಳ್ಳುವವರಿಗೂ ಹೇಳುವುದಿಲ್ಲ, ಬರೆದುಕೊಡುವ ನಮಗೂ ಹೇಳುವುದಿಲ್ಲ.

ಲೆಕ್ಕ ಕಷ್ಟದ್ದಲ್ಲ. ಲಾಪ್ಲಾಸ್ ನಿಯಮದ ಪ್ರಕಾರ ಒತ್ತಡ ಎಂದರೆ ಬಟ್ಟೆಯ ಎಳೆತವನ್ನು ಅಂಗದ ತ್ರಿಜ್ಯದಿಂದ ಭಾಗಿಸಿದ್ದು. ಬಟ್ಟೆಯ ಪ್ರತಿ ಸೆಂಟಿಮೀಟರ್ ಅಗಲಕ್ಕೆ ಒಂದು ನ್ಯೂಟನ್ ಎಳೆತವಿದೆ ಎಂದುಕೊಳ್ಳಿ. ಸುತ್ತಳತೆ 38 ಸೆಂಟಿಮೀಟರ್ ಇರುವ ಮಂಡಿಯ ಮೇಲೆ ಅದು ಸುಮಾರು 12 ಮಿಲಿಮೀಟರ್ ಪಾದರಸದಷ್ಟು ಒತ್ತುತ್ತದೆ. ಅದೇ ಎಳೆತ 31 ಸೆಂಟಿಮೀಟರ್‌ನ ಸಣಕಲು ಕಾಲಿನ ಮೇಲೆ 15. ಇಷ್ಟರಿಂದ ಸಾಮಾನ್ಯವಾಗಿ ತೊಂದರೆಯಿಲ್ಲ. ಆದರೆ ಕಾಲು ದುಂಡನೆಯ ಕಂಬವಲ್ಲ. ಟಿಬಿಯಾ ಮೂಳೆಯ ಮುಂದಿನ ಏಣಿನಲ್ಲಿ ಬಾಗು ಚೂಪು, ತ್ರಿಜ್ಯ ಒಂದು ಸೆಂಟಿಮೀಟರ್ ಎಂದು ಹಿಡಿದರೆ ಲೆಕ್ಕದಲ್ಲಿ ಒತ್ತಡ 75ಕ್ಕೆ ಏರುತ್ತದೆ. ಚರ್ಮ, ಕೊಬ್ಬು ಅದನ್ನು ಒಂದಿಷ್ಟು ಹಂಚಿಕೊಳ್ಳುತ್ತವೆ. ಆದರೂ ಹಿರಿಯರ ಕಾಲಲ್ಲಿ ಅಲ್ಲಿ ಚರ್ಮದ ಕೆಳಗೆ ನೇರ ಮೂಳೆಯೇ ಇರುವುದು. ಮಂಡಿಚಿಪ್ಪಿನ ಇಕ್ಕೆಲದ ತಗ್ಗುಗಳಲ್ಲಿ, ಹಿಂದಿನ ಗುಳಿಯಲ್ಲಿ ಬಟ್ಟೆ ಚರ್ಮವನ್ನು ಸರಿಯಾಗಿ ಮುಟ್ಟುವುದೇ ಇಲ್ಲ. ಊತ ತುಂಬಿಕೊಳ್ಳುವುದು ಚಿಪ್ಪಿನ ಸುತ್ತಲಿನ ಆ ತಗ್ಗುಗಳಲ್ಲೇ. ಚಿಪ್ಪಿನ ಸುತ್ತ ಸಿಲಿಕೋನ್ ಉಂಗುರ ಕೂರಿಸುವುದು ಅದಕ್ಕೆ. ತಗ್ಗನ್ನು ತುಂಬಿ, ಒತ್ತಡ ಬೇಕಾದಲ್ಲಿಗೆ ತಲುಪಿಸುತ್ತದೆ. ಆ ಉಂಗುರ ಚಿಪ್ಪಿನ ಮೇಲೇ ಹತ್ತಿ ಕೂತರೆ ಚಿಪ್ಪನ್ನು ತೊಡೆಮೂಳೆಗೆ ಒತ್ತಿ ನೋವು ಹೆಚ್ಚಿಸುತ್ತದೆ. ನಿಂತವರ ಅಳತೆಗೆ ಕೂರಿಸಿದ ಉಂಗುರ ಕೂತಾಗ ಎಲ್ಲಿಗೆ ಸರಿಯುತ್ತದೆ ಎಂಬುದನ್ನು ದಯವಿಟ್ಟು ನೋಡಿ.

ಈಗ ಅದೇ ಮಂಡಿಯನ್ನು ಮಡಿಸೋಣ. ಹಾಕಿಕೊಳ್ಳುವ ಮೊದಲು 32 ಸೆಂಟಿಮೀಟರ್ ಸುತ್ತಳತೆಯಿದ್ದ ಕೊಳವೆ 38ರ ಮಂಡಿಯ ಮೇಲೆ ಶೇಕಡ 19ರಷ್ಟು ಹಿಗ್ಗಿರುತ್ತದೆ. ಕುಕ್ಕರುಗಾಲಲ್ಲಿ ಸುತ್ತಳತೆ ಶೇಕಡ 12 ಹೆಚ್ಚಿದರೆ ಹಿಗ್ಗು ಶೇಕಡ 33ಕ್ಕೆ ಜಿಗಿಯುತ್ತದೆ. ಬಟ್ಟೆಯ ಎಳೆತ ಹಿಗ್ಗಿಗೆ ಸರಿಸಮವಾಗಿ ಏರುತ್ತದೆ ಎಂದೇ ಹಿಡಿದರೂ 12 ಇದ್ದ ಒತ್ತಡ 19ರ ಆಸುಪಾಸಿಗೆ ಬರುತ್ತದೆ. ಹಿಗ್ಗಿನ ಮಿತಿ ತಲುಪಿ ಬಿರುಸಾಗುವ ಅಗ್ಗದ ಬಟ್ಟೆಯಲ್ಲಿ ಇನ್ನೂ ಮೇಲೆ. ಒಂದು ಗಂಟೆ ಹಾಗೆ ಕೂತು ತೊಟ್ಟು ಮುರಿದವರು ‘ಕಾಲು ಜೋಮು ಹಿಡೀತದ’ ಎಂದರೆ ಆಶ್ಚರ್ಯವೇ? ಆದ್ದರಿಂದ ನೀವು ಆರಿಸಬೇಕಾದದ್ದು ಹೆಚ್ಚು ಹಿಗ್ಗಿದರೂ ಎಳೆತ ಮೆಲ್ಲಗೆ ಏರುವ ಹೆಣಿಗೆ. ನೈಲಾನ್ ಸುತ್ತಿದ ಎಲಾಸ್ಟೇನ್ ಎಳೆಯನ್ನು ಒಳನೂಲಾಗಿ ಹಾಯಿಸುವಾಗ ಆ ಸುತ್ತು ಎಷ್ಟು ಸಡಿಲವಿರಬೇಕು, ಎಳೆಯನ್ನು ಎಷ್ಟು ಬಿಗಿಯಾಗಿ ಉಣಿಸಬೇಕು ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಚರ್ಮಕ್ಕೂ ಬಟ್ಟೆಗೂ ನಡುವೆ ತೂರಿಸಿ ಒತ್ತಡ ಅಳೆಯುವ ಕಿಕುಹಿಮೆ, ಪಿಕೋಪ್ರೆಸ್‌ನಂಥ ಸಣ್ಣ ಉಪಕರಣಗಳಿವೆ. ಕೊಯಮತ್ತೂರಿನ ಸಿಟ್ರಾದಲ್ಲಿ ವೈದ್ಯಕೀಯ ಜವಳಿಗೆಂದೇ ಕೇಂದ್ರವಿದೆ. ನಿಂತಾಗಿನ ಅಂಕಿ, ಕುರ್ಚಿಯ ಅಂಕಿ, ಕುಕ್ಕರುಗಾಲಿನ ಅಂಕಿ, ಈ ಮೂರನ್ನೂ ಅಳೆದು ಡಬ್ಬಿಯ ಮೇಲೆ ಮುದ್ರಿಸುವ ಮೊದಲ ಕಂಪನಿ ನಮ್ಮ ರಾಜ್ಯದ್ದಾಗಲಿ ಎಂಬುದು ನನ್ನ ಆಸೆ.

ಒಂದು ಜಾಗದ ವಿಷಯದಲ್ಲಿ ಮಾತ್ರ ರಾಜಿ ಬೇಡ. ಮಂಡಿಯ ಹೊರಬದಿಯಲ್ಲಿ, ಸ್ವಲ್ಪ ಕೆಳಗೆ, ಫಿಬುಲಾ ಮೂಳೆಯ ಗುಬುಟು ಬೆರಳಿಗೆ ಸಿಗುತ್ತದೆ. ಅದರ ಕತ್ತನ್ನು ಬಳಸಿಕೊಂಡು ಪಾದವನ್ನು ಮೇಲೆತ್ತುವ ನರ ಹಾದುಹೋಗುತ್ತದೆ, ಅಲ್ಲಿ ಅದಕ್ಕೆ ಮಾಂಸದ ಹೊದಿಕೆಯೇ ಇಲ್ಲ. ಬಿಗಿ ಅಂಚೋ ವೆಲ್ಕ್ರೋ ಪಟ್ಟಿಯೋ ಅದರ ಮೇಲೆ ಕೂತು ಗಂಟೆಗಟ್ಟಲೆ ಒತ್ತಿದರೆ ಪಾದ ಜೋತುಬೀಳಬಹುದು. ಕುಕ್ಕರುಗಾಲಲ್ಲಿ ಬಹಳ ಹೊತ್ತು ಕೂತವರಿಗೆ ಪಟ್ಟಿಯಿಲ್ಲದೆಯೂ ಆ ನರ ಜೋಮು ಹಿಡಿಯುವುದುಂಟು. ಅದರ ಮೇಲೆ ನಿಮ್ಮ ಅಂಚಿನ ಒತ್ತಡವೂ ಸೇರಬಾರದು. ಕೆಳಅಂಚನ್ನು ಆ ಗುಬುಟಿನಿಂದ ದೂರಕ್ಕೆ ಇಳಿಸಿ, ಅಂಚಿನ ಹೆಣಿಗೆಯನ್ನು ನಡುಭಾಗಕ್ಕಿಂತ ಸಡಿಲ ಮಾಡಿ.

ನೀ ಕ್ಯಾಪ್ ಮಂಡಿಯನ್ನು ಹಿಡಿದು ನಿಲ್ಲಿಸುತ್ತದೆಯೇ? ಇದಕ್ಕೆ ನೀವು ಮೊದಲು ನಿಮಗೆ ನೀವೇ ಸತ್ಯ ಹೇಳಿಕೊಳ್ಳಬೇಕು, ಆಮೇಲೆ ಕೊಳ್ಳುವವರಿಗೆ. ಬರ್ಲಿನ್ನಿನ ಸಂಶೋಧಕರು ಕೃತಕ ಮಂಡಿಯೊಳಗೇ ಬಲಮಾಪಕ ಕೂರಿಸಿ, ಅದನ್ನು ಹಾಕಿಸಿಕೊಂಡ ಐವರನ್ನು ನಡೆಸಿ, ಹತ್ತಿಸಿ, ಇಳಿಸಿ 2010ರಲ್ಲಿ ಅಂಕಿಗಳನ್ನು ಪ್ರಕಟಿಸಿದರು. ನಡೆಯುವಾಗ ಮಂಡಿಯ ಮೇಲೆ ಬೀಳುವ ಭಾರ ದೇಹತೂಕದ ಶೇಕಡ 261, ಮೆಟ್ಟಿಲು ಹತ್ತುವಾಗ 316, ಇಳಿಯುವಾಗ 346. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದ್ದಕ್ಕಿಂತ ಇಳಿದದ್ದೇ ಹೆಚ್ಚು ನೋಯಿಸಿತು ಎನ್ನುವವರ ಮಾತಿಗೆ ಇದು ಆಧಾರ. 60 ಕಿಲೋ ತೂಕದ ಹೆಂಗಸು ಒಂದು ಮೆಟ್ಟಿಲು ಇಳಿದಾಗ ಅವಳ ಮಂಡಿ ಹೊರುವುದು ಸುಮಾರು 200 ಕಿಲೋ. ಅದನ್ನು ಬಟ್ಟೆಯ ಕೊಳವೆ ಹೊರಲಾರದು. ಹೊರುವುದು ಕೀಲೇ, ಅದನ್ನು ಹತೋಟಿಯಲ್ಲಿಡುವುದು ತೊಡೆಯ ಮುಂದಿನ ಸ್ನಾಯು.

ಹಾಗಾದರೆ ಬಟ್ಟೆ ಮಾಡುವುದೇನು? ಲಂಡನ್ನಿನಲ್ಲಿ ಬ್ಯಾರೆಟ್, ಕಾಬ್ ಮತ್ತು ಬೆಂಟ್ಲಿ 1991ರಲ್ಲಿ ತೋರಿಸಿದ್ದು ಹೀಗೆ. ಸವೆದ ಮಂಡಿಯವರಿಗೆ ತಮ್ಮ ಮಂಡಿ ಎಷ್ಟು ಮಡಿದಿದೆ ಎಂಬ ಅರಿವೇ ಮಂಕಾಗಿರುತ್ತದೆ. ಎಲಾಸ್ಟಿಕ್ ಬ್ಯಾಂಡೇಜು ಸುತ್ತಿದರೆ ಆ ಅರಿವು ಸುಧಾರಿಸುತ್ತದೆ. ಬಟ್ಟೆ ಚರ್ಮವನ್ನು ಮುಟ್ಟಿ, ಎಳೆದು, ಕಾಲು ಎಲ್ಲಿದೆ ಎಂಬ ಸುದ್ದಿಯನ್ನು ಮಿದುಳಿಗೆ ಕಳಿಸುತ್ತಲೇ ಇರುತ್ತದೆ. ಸ್ನಾಯು ಸಮಯಕ್ಕೆ ಸರಿಯಾಗಿ ಬಿಗಿಯುತ್ತದೆ. ಮಂಡಿ ಕುಸಿದೀತೆಂಬ ಭಯ ಕಡಿಮೆಯಾಗುತ್ತದೆ, ಜೊತೆಗೆ ಒಂದಿಷ್ಟು ಬೆಚ್ಚಗಾಗುತ್ತದೆ. ಇದು ಸಣ್ಣ ಲಾಭವಲ್ಲ. ಬಾವಿಕಟ್ಟೆಯವರೆಗೆ ನಡೆಯಲು ಹೆದರುತ್ತಿದ್ದವಳು ನಡೆದರೆ ಅವಳ ತೊಡೆಯ ಸ್ನಾಯು ಉಳಿಯುತ್ತದೆ, ಸ್ನಾಯು ಉಳಿದರೆ ಮಂಡಿ ಉಳಿಯುತ್ತದೆ. ಇಲ್ಲೂ ನನ್ನ ಕೋರಿಕೆಗೆ ಕಾರಣವಿದೆ. ಸುದ್ದಿ ಬೇಕಾಗುವುದು ಮಂಡಿ ಮಡಿಯುತ್ತಿರುವಾಗ. ಕೂರುವ ಹೊತ್ತಿಗೆ ಜಾರಿ ಮುದ್ದೆಯಾಗುವ ಬಟ್ಟೆ ಬೇಕಾದ ಗಳಿಗೆಯಲ್ಲೇ ತಪ್ಪು ಸುದ್ದಿ ಕಳಿಸುತ್ತದೆ.

ಹೆಚ್ಚಿನದನ್ನು ಹೇಳಿಕೊಳ್ಳಬೇಡಿ. ಕೆನಡಾದಲ್ಲಿ ಕರ್ಕ್ಲಿ ಮತ್ತು ಸಂಗಡಿಗರು 1999ರಲ್ಲಿ, ಮಂಡಿಯ ಒಳಬದಿ ಸವೆದು ಕಾಲು ಬಿಲ್ಲಾದವರನ್ನು ಮೂರು ಗುಂಪು ಮಾಡಿ ನೋಡಿದರು. ಬರೀ ಔಷಧಿಗಿಂತ ನಿಯೊಪ್ರೀನ್ ಚೀಲ ಹಾಕಿದವರು ಮೇಲು, ಅವರಿಗಿಂತ ಭಾರವನ್ನು ಪಕ್ಕಕ್ಕೆ ತಳ್ಳುವ ಗಟ್ಟಿ ಬ್ರೇಸ್ ಹಾಕಿದವರು ಮೇಲು. ಮ್ಯಾಂಚೆಸ್ಟರಿನಲ್ಲಿ ಕ್ಯಾಲಹನ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಂಡಿಚಿಪ್ಪಿನ ಹಿಂದೆ ಸವೆತವಿದ್ದ 126 ಜನರಲ್ಲಿ ಮೆತ್ತನೆಯ ಬ್ರೇಸ್ ಹಾಕಿದವರಿಗೆ ಆರೇ ವಾರದಲ್ಲಿ ನೋವು ಇಳಿಯಿತು, ಎಂಆರ್‌ಐಯಲ್ಲಿ ಮೂಳೆಮಜ್ಜೆಯ ಗಾಯದ ಗಾತ್ರವೂ ತಗ್ಗಿತು. ಅಮೆರಿಕದ ಸಂಧಿವಾತ ತಜ್ಞರ 2019ರ ಮಾರ್ಗಸೂಚಿ ಮಂಡಿ ಬ್ರೇಸನ್ನು ಬಲವಾಗಿ ಶಿಫಾರಸು ಮಾಡುತ್ತದೆ, ಅದೂ ನಡಿಗೆಗೆ, ಸ್ಥಿರತೆಗೆ ನಿಜವಾಗಿ ಪೆಟ್ಟು ಬಿದ್ದವರಿಗೆ. ಬ್ರಿಟನ್ನಿನ 2022ರ ಮಾರ್ಗಸೂಚಿ ಎಲ್ಲರಿಗೂ ವಾಡಿಕೆಯಂತೆ ಕೊಡಬೇಡಿ ಎನ್ನುತ್ತದೆ: ಮಂಡಿ ಅಲುಗುತ್ತಿದ್ದರೆ ಅಥವಾ ಭಾರ ತಪ್ಪಾಗಿ ಬೀಳುತ್ತಿದ್ದರೆ, ಆಧಾರವಿಲ್ಲದೆ ವ್ಯಾಯಾಮ ಫಲಿಸದಿದ್ದರೆ ಕೊಡಿ ಎನ್ನುತ್ತದೆ. ನನ್ನ ಅನುಭವ ಎರಡನೆಯದಕ್ಕೆ ಹತ್ತಿರ. ನೀ ಕ್ಯಾಪ್ ವ್ಯಾಯಾಮಕ್ಕೆ ಜೊತೆಗಾರ, ವ್ಯಾಯಾಮದ ಬದಲಿಯಲ್ಲ. ‘ಸವೆತ ನಿಲ್ಲಿಸುತ್ತದೆ’, ‘ಮೃದ್ವಸ್ಥಿ ಬೆಳೆಸುತ್ತದೆ’ ಎಂದು ಡಬ್ಬಿಯ ಮೇಲೆ ಬರೆಯಬೇಡಿ, ಮಾರಾಟ ವಿಭಾಗದವರು ಎಷ್ಟೇ ಒತ್ತಾಯಿಸಿದರೂ. ಕಬಡ್ಡಿ ಆಡುವಾಗ ಒಳಗಿನ ಅಸ್ಥಿರಜ್ಜು ಹರಿದುಕೊಂಡ ಹುಡುಗರು ಬಟ್ಟೆಯ ನೀ ಕ್ಯಾಪ್ ನಂಬಿ ಮತ್ತೆ ಅಂಕಣಕ್ಕೆ ಇಳಿಯುತ್ತಾರೆ. ಅವರಿಗೆ ಇದು ಸಾಲದೆಂದು ಡಬ್ಬಿಯೇ ಹೇಳಬೇಕು.

ನೂಲಿನ ಆಯ್ಕೆಗೆ ಬರೋಣ. ನಿಯೊಪ್ರೀನ್ 1930ರಲ್ಲಿ ಡುಪಾಂಟ್ ಪ್ರಯೋಗಾಲಯದಲ್ಲಿ ಹುಟ್ಟಿದ ಕೃತಕ ರಬ್ಬರು. ಅದರ ನೊರೆಯ ಹಾಳೆ ಬೆಚ್ಚಗಿಡುತ್ತದೆ, ಅದಕ್ಕೇ ತಣ್ಣೀರಿಗಿಳಿಯುವವರ ಉಡುಪಾಯಿತು. ರಾಯಚೂರು, ಕಲಬುರಗಿಯ ಏಪ್ರಿಲ್ ತಿಂಗಳಲ್ಲಿ ಅದರೊಳಗೆ ಬೆವರು ಹೊರಹೋಗಲು ದಾರಿಯಿಲ್ಲ. ತಯಾರಿಕೆಯಲ್ಲಿ ಬಳಸುವ ಥಯೋಯೂರಿಯಾ ಜಾತಿಯ ರಾಸಾಯನಿಕಗಳಿಗೆ ಕೆಲವರ ಚರ್ಮ ಕೆರಳಿ ತುರಿಕೆ, ಗುಳ್ಳೆ ಏಳುತ್ತವೆ ಎಂಬುದು ಚರ್ಮವೈದ್ಯರಿಗೆ ಚೆನ್ನಾಗಿ ಗೊತ್ತಿರುವ ಸಂಗತಿ. ನಮ್ಮ ಹವೆಗೆ ಹೆಣಿಗೆಯೇ ಸರಿ. ಬರೀ ಹತ್ತಿ ಒಳ್ಳೆಯದೆಂದು ಜನ ಕೇಳುತ್ತಾರೆ. ಹತ್ತಿ ಬೆವರು ಹೀರುತ್ತದೆ, ಆದರೆ ಹೀರಿದ್ದನ್ನು ಬೇಗ ಬಿಡುವುದಿಲ್ಲ, ಒದ್ದೆಯಾಗಿ ಮೈಗಂಟಿಕೊಂಡು ಉಜ್ಜುತ್ತದೆ. ಎರಡು ನೂಲನ್ನು ಒಟ್ಟಿಗೆ ಹೆಣೆದು ಬೆವರು ಸಾಗಿಸುವ ಎಳೆ ಒಳಮೈಗೂ ಹೀರುವ ಎಳೆ ಹೊರಮೈಗೂ ಬರುವಂತೆ ಮಾಡುವುದು ನಿಮಗೆ ಹೊಸದಲ್ಲ. ಎಲಾಸ್ಟೇನ್ ಇರಲೇಬೇಕು. 1958ರಲ್ಲಿ ಜೋಸೆಫ್ ಶೈವರ್ಸ್ ಅದನ್ನು ಸಿದ್ಧಪಡಿಸಿದ ಮೇಲೆ ಈ ಉಡುಪುಗಳ ಚರಿತ್ರೆಯೇ ಬದಲಾಯಿತು. ಆದರೆ ಕ್ಲೋರಿನ್, ಬಿಸಿ, ಬಿಸಿಲು ಅದಕ್ಕೆ ಆಗದು. ನಮ್ಮ ಮನೆಗಳಲ್ಲಿ ಬಟ್ಟೆ ಒಗೆಯುವುದು ಕೊಳವೆಬಾವಿಯ ಗಡಸು ನೀರಿನಲ್ಲಿ, ಬಾರ್ ಸೋಪು ತಿಕ್ಕಿ, ಬ್ರಷ್ ಹಾಕಿ, ಒಣಗಿಸುವುದು ಸುಡುಬಿಸಿಲಿಗೆ. ‘ಕೈಯಲ್ಲಿ ಮೃದುವಾಗಿ ತೊಳೆಯಿರಿ, ನೆರಳಲ್ಲಿ ಒಣಗಿಸಿ’ ಎಂದು ಚೀಟಿ ಅಂಟಿಸಿದರೆ ನಿಮ್ಮ ಹೊಣೆ ಮುಗಿಯುವುದಿಲ್ಲ. ನಮ್ಮ ಒಗೆಯುವ ಕಲ್ಲಿನ ಮೇಲೆ ಐವತ್ತು ಸಲ ಒಗೆದ ಮೇಲೆ ಒತ್ತಡ ಎಷ್ಟು ಉಳಿದಿದೆ ಎಂದು ಅಳೆಯಿರಿ.

ಹಾಕುವುದು, ಬಿಚ್ಚುವುದು. ಮಂಡಿ ಸವೆದವರಲ್ಲಿ ಎಷ್ಟೋ ಮಂದಿಗೆ ಬೆರಳ ಗಿಣ್ಣುಗಳೂ ನೋಯುತ್ತವೆ. ಬಗ್ಗಿ ಪಾದದವರೆಗೆ ಕೈ ಚಾಚುವುದೇ ಕಷ್ಟ, ಅದರ ಮೇಲೆ ಬಿಗಿ ಕೊಳವೆಯನ್ನು ಹಿಮ್ಮಡಿ ದಾಟಿಸಿ ಎಳೆಯಬೇಕು. ಸೊಸೆ ಮನೆಯಲ್ಲಿದ್ದ ದಿನ ಮಾತ್ರ ಹಾಕಿಕೊಳ್ಳುವವರಿದ್ದಾರೆ. ಎರಡು ಬದಿಗೆ ಬೆರಳು ತೂರಿಸುವಷ್ಟು ಗಟ್ಟಿ ಕುಣಿಕೆ ಕೊಡಿ. ಪಕ್ಕದಲ್ಲಿ ಪೂರ್ತಿ ತೆರೆಯುವ ಮಾದರಿಯನ್ನೂ ಮಾಡಿ. ಅದಕ್ಕೆ ವೆಲ್ಕ್ರೋ ಹಾಕುವಾಗ ಸೀರೆಯನ್ನು ನೆನೆಯಿರಿ. ಕೊಕ್ಕೆಯ ಮುಖ ಚೂರು ಹೊರಗಿದ್ದರೂ ಸೀರೆಯ ಎಳೆ ಕಿತ್ತುಬರುತ್ತದೆ. ಒಂದು ಸೀರೆ ಹಾಳಾದ ಮೇಲೆ ಆಕೆ ಆ ನೀ ಕ್ಯಾಪನ್ನು ಮತ್ತೆ ಮುಟ್ಟುವುದಿಲ್ಲ, ಮುಟ್ಟಬೇಕೆಂದು ಹೇಳಲು ನನಗೂ ಮನಸ್ಸಾಗದು. ಜಾರದಿರಲೆಂದು ಮೇಲಂಚಿಗೆ ಸಿಲಿಕೋನ್ ಚುಕ್ಕಿ ಅಂಟಿಸುತ್ತೀರಿ, ಸೆಕೆಗಾಲದಲ್ಲಿ ಅದರ ಕೆಳಗೆ ಚರ್ಮ ಕೆಂಪಗಾಗುತ್ತದೆ. ಚುಕ್ಕಿಗಿಂತ ಮೊದಲು ಆಕಾರ ನೋಡಿ: ದಪ್ಪ ತೊಡೆ, ಸಣ್ಣ ಮೀನಖಂಡದ ಕಾಲಿಗೆ ನೇರ ಕೊಳವೆ ಹಾಕಿದರೆ ಅದು ಜಾರಲೇಬೇಕು.

ಆ ಆಕಾರದ ಅಳತೆಗಳು ನಮ್ಮಲ್ಲಿ ಇವೆಯೇ? ನಿಫ್ಟ್ ಕೈಗೊಂಡ ಇಂಡಿಯಾಸೈಜ್ ಯೋಜನೆ ಬೆಂಗಳೂರೂ ಸೇರಿದಂತೆ ಆರು ನಗರಗಳಲ್ಲಿ 25,000 ಜನರ ಮೈಯನ್ನು ತ್ರೀಡಿ ಸ್ಕ್ಯಾನರಿನಿಂದ ಅಳೆಯುವ ಗುರಿ ಇಟ್ಟುಕೊಂಡಿತ್ತು. ದೊಡ್ಡ ಕೆಲಸ, ಹೆಮ್ಮೆಯ ಕೆಲಸ. ಆದರೆ ಅದು ಗೊತ್ತುಮಾಡಿಕೊಂಡ ವಯಸ್ಸು 15ರಿಂದ 65. ನೀ ಕ್ಯಾಪ್ ಬೇಕಾದ ಅಜ್ಜಿಯರಲ್ಲಿ ಬಹಳ ಮಂದಿ ಆ ಗೆರೆಯಾಚೆಗಿನವರು, ನಗರದಾಚೆಗಿನವರು. ಅವರ ಅಳತೆ ನೀವೇ ತೆಗೆಯಬೇಕು: ಚಿಪ್ಪಿನ ನಡುವೆ, ಮೇಲೆ 15 ಸೆಂಟಿಮೀಟರ್, ಕೆಳಗೆ 15 ಸೆಂಟಿಮೀಟರ್, ನಿಂತು ಒಮ್ಮೆ, ಕುರ್ಚಿಯಲ್ಲಿ ಒಮ್ಮೆ, ನೋವಿಲ್ಲದೆ ಎಷ್ಟು ಮಡಿಸಬಲ್ಲರೋ ಅಷ್ಟು ಮಡಿಸಿ ಒಮ್ಮೆ. ಬೆಳಗಿನ ಅಳತೆ ಸಂಜೆಗೆ ಇರುವುದಿಲ್ಲ, ಊತದಿಂದ ಹೆಚ್ಚುತ್ತದೆ. ಎರಡು ಹೊತ್ತೂ ತೆಗೆಯಿರಿ.

ಇಂಥ ಕೆಲಸ ಈ ದೇಶದಲ್ಲಿ ಹಿಂದೆ ಆಗಿದೆ. 1960ರ ದಶಕದ ಕೊನೆಯಲ್ಲಿ ಜೈಪುರದಲ್ಲಿ ಕುಶಲಕರ್ಮಿ ರಾಮಚಂದ್ರ ಶರ್ಮಾ ಮತ್ತು ವೈದ್ಯ ಪಿ.ಕೆ. ಸೇಥಿ ಕೃತಕ ಪಾದ ರೂಪಿಸಲು ಕೂತಾಗ ಅವರೆದುರಿದ್ದ ಪ್ರಶ್ನೆಗಳೂ ಇವೇ. ಕಾಲು ಕಳೆದುಕೊಂಡವನು ಕುಕ್ಕರುಗಾಲಲ್ಲಿ ಕೂರಬೇಕು, ಚಕ್ಕಳಮಕ್ಕಳ ಹಾಕಬೇಕು, ಬರಿಗಾಲಲ್ಲಿ ಹೊಲದ ಕೆಸರಿಗೆ ಇಳಿಯಬೇಕು. ವಿದೇಶದಿಂದ ಬಂದ ಪಾದಗಳು ಬೂಟಿಗೆಂದು ಮಾಡಿದವು, ಇದಾವುದನ್ನೂ ಮಾಡಗೊಡುತ್ತಿರಲಿಲ್ಲ. ಅವರು ರಬ್ಬರಿನಲ್ಲಿ ಕಂಡುಕೊಂಡದ್ದನ್ನು ನೀವು ಹೆಣಿಗೆಯಲ್ಲಿ ಕಂಡುಕೊಳ್ಳಬೇಕಿದೆ. ಬಡಗುತಿಟ್ಟಿನ ಯಕ್ಷಗಾನದಲ್ಲಿ ಮಂಡಿಯ ಮೇಲೇ ಗಿರಗಿರನೆ ತಿರುಗುವ ಕಲಾವಿದರ ಮಂಡಿಗೂ ಮುಂದೊಂದು ದಿನ ನಿಮ್ಮಲ್ಲಿ ಯಾರಾದರೂ ಗಮನ ಕೊಟ್ಟರೆ ಸಂತೋಷ. ಅಲ್ಲಿ ಬೇಕಾದದ್ದು ವೇಷದ ಒಳಗೆ ಅಡಗುವ, ಮುಂದೆ ಮೆತ್ತೆಯಿರುವ, ಹಿಂದೆ ಏನೂ ಇಲ್ಲದಂತಿರುವ ಒಂದು ಉಡುಪು.

ಡಬ್ಬಿಯ ಮೇಲೆ ಕನ್ನಡದಲ್ಲಿ ಬರೆಯಿರಿ, ಓದಲು ಬಾರದವರಿಗೆ ಚಿತ್ರ ಹಾಕಿ. ಮಲಗುವಾಗ ತೆಗೆಯಬೇಕು. ಪಾದ ತಣ್ಣಗಾದರೆ, ಬಣ್ಣ ಬದಲಾದರೆ, ಜೋಮು ಹಿಡಿದರೆ ಕೂಡಲೇ ತೆಗೆಯಬೇಕು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕುಂದಿದವರು, ಕಾಲಿನ ರಕ್ತನಾಳ ಕಟ್ಟಿಕೊಂಡವರು, ಮೀನಖಂಡದಲ್ಲಿ ಇದ್ದಕ್ಕಿದ್ದಂತೆ ಊತ ನೋವು ಬಂದವರು ವೈದ್ಯರನ್ನು ಕೇಳದೆ ಹಾಕಬಾರದು. ಜೋಮು ಹಿಡಿದದ್ದು ಹಾಗೆ ಸ್ಪರ್ಶ ಕುಂದಿದವರಿಗೆ ತಿಳಿಯುವುದೇ ಇಲ್ಲ, ಅದಕ್ಕೇ ಈ ಸಾಲು ದಪ್ಪ ಅಕ್ಷರದಲ್ಲಿರಲಿ. ಬೆಲೆಯ ವಿಷಯದಲ್ಲಿ ಒಂದೇ ಮಾತು: ದಿನಗೂಲಿಯವರು ಕೊಳ್ಳುವುದು ಕೆಲವು ನೂರು ರೂಪಾಯಿಯ ನೀ ಕ್ಯಾಪನ್ನು, ಹಲವು ಸಾವಿರದ್ದನ್ನಲ್ಲ. ಕಡಿಮೆ ಬೆಲೆಯಲ್ಲೇ ಬಾಗು ಹೆಣಿಗೆ ಕೊಡುವುದು ನಿಮ್ಮ ಮುಂದಿರುವ ನಿಜವಾದ ಎಂಜಿನಿಯರಿಂಗ್ ಸವಾಲು.

ಮಾದರಿ ಸಿದ್ಧವಾದಾಗ ಪ್ರಯೋಗಾಲಯದ ಮರದ ಕಾಲಿಗೆ ತೊಡಿಸಿ ನಿಲ್ಲಬೇಡಿ. ಮೆಣಸಿನಕಾಯಿ ಸುಗ್ಗಿಯ ಹೊತ್ತಿಗೆ, ಫೆಬ್ರವರಿ ಮಾರ್ಚಿನಲ್ಲಿ, ನಮ್ಮ ಕಡೆಗೆ ತನ್ನಿ. ತೊಟ್ಟು ಮುರಿಯುವ ಹೆಂಗಸರಲ್ಲಿ ಒಪ್ಪಿದವರಿಗೆ, ಅವರ ಕಾಲಿನ ರಕ್ತ ಸಂಚಾರವನ್ನೂ ಸ್ಪರ್ಶವನ್ನೂ ನಾನು ಮೊದಲು ಪರೀಕ್ಷಿಸಿದ ಮೇಲೆ, ಬೆಳಿಗ್ಗೆ ತೊಡಿಸೋಣ, ಆ ದಿನದ ಕೂಲಿಯನ್ನು ಅವರಿಗೆ ನೀವು ಕೊಡಿ. ಮಧ್ಯಾಹ್ನದ ಊಟಕ್ಕೆ ಎದ್ದಾಗ ಒಮ್ಮೆ, ಸಂಜೆ ಒಮ್ಮೆ ಒತ್ತಡ ಅಳೆಯೋಣ. ಅಂಚು ಎಷ್ಟು ಸರಿದಿದೆ ಎಂದು ಶಾಯಿಯ ಗುರುತಿನಿಂದ ನೋಡೋಣ. ಎಲ್ಲಿ ಒತ್ತಿತು, ಎಲ್ಲಿ ತುರಿಸಿತು, ನಾಳೆಯೂ ಹಾಕಿಕೊಳ್ಳುತ್ತೀರಾ ಎಂದು ಅವರನ್ನೇ ಕೇಳಿ ಬರೆದುಕೊಳ್ಳೋಣ. ಅಳೆಯುವ ಉಪಕರಣ ನಿಮ್ಮದು, ಮಂಡಿಗಳ ಪರಿಚಯ ನನ್ನದು. ಬರುವ ವಾರ ಮೊದಲೇ ತಿಳಿಸಿದರೆ ಸಾಕು.

ಇಂತಿ ನಿಮ್ಮ ವಿಶ್ವಾಸಿ,
ಹಾವೇರಿ ಜಿಲ್ಲೆಯ ಒಬ್ಬ ಫಿಸಿಯೋಥೆರಪಿಸ್ಟ್